ಮೊದಲ ಗುಂಡಿ ನುಂಗುವ ಯಂತ್ರ

ಸಂತಾಪ ಸಭೆಯಲ್ಲಿ ನಿರ್ದೇಶಕರು ಅವನನ್ನು "ನಮ್ಮ ಸಂಸ್ಥೆಯ ಹಿರಿಯ ಎಲೆಕ್ಟ್ರಿಷಿಯನ್" ಎಂದರು. ಇಪ್ಪತ್ತಾರು ವರ್ಷ ಅದೇ ಕಟ್ಟಡದಲ್ಲಿ ದುಡಿದವನು ಏನು ಕೆಲಸ ಮಾಡುತ್ತಿದ್ದ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಾಗದ ನೋಡಿಕೊಂಡೇ ಓದಿದರು. ಅಂದರೆ ಯಾರೋ ಬರೆದುಕೊಟ್ಟಿದ್ದರು, ಬರೆದುಕೊಟ್ಟವರಿಗೂ ಗೊತ್ತಿರಲಿಲ್ಲ. ನನ್ನ ಗೆಳೆಯ ಮೆಕ್ಯಾನಿಕ್ ಆಗಿದ್ದ. ಬಲ್ಬು ಬದಲಾಯಿಸಲು ಯಾರಾದರೂ ಕರೆದರೆ, "ಅದಕ್ಕೆ ಒಂದು ಸ್ಟೂಲ್ ಸಾಕು, ನಾನ್ಯಾಕೆ?" ಎನ್ನುತ್ತಿದ್ದ.

ನಮ್ಮದು ಕಣ್ಣು ಕಾಣದವರಿಗೆ ಪುಸ್ತಕ ಮಾಡುವ ಬ್ರೈಲ್ ಮುದ್ರಣಾಲಯ. ದಪ್ಪ ಕಾಗದದ ಮೇಲೆ ಉಬ್ಬು ಚುಕ್ಕಿ ಒತ್ತುತ್ತೇವೆ, ಓದುವವರು ಬೆರಳಿನಿಂದ ಓದುತ್ತಾರೆ. ನನ್ನ ಕೆಲಸ ಗಟ್ಟಿಯಾಗಿ ಓದುವುದು. ನಾನು ಮೂಲ ಪುಸ್ತಕ ಓದುತ್ತ ಹೋದಂತೆ ಎದುರು ಕೂತವರು ಚುಕ್ಕಿಯ ಹಾಳೆಯ ಮೇಲೆ ಬೆರಳಾಡಿಸಿ ತಪ್ಪು ಹಿಡಿಯುತ್ತಾರೆ. ಮೂವತ್ತು ವರ್ಷದಲ್ಲಿ ಜೀವಶಾಸ್ತ್ರದಿಂದ ತರ್ಕಶಾಸ್ತ್ರದವರೆಗೆ ಎಲ್ಲವನ್ನೂ ಓದಿ ಹಾಕಿದ್ದೇನೆ. ಅವನು ನನ್ನನ್ನು ಪಂಡಿತ ಎಂದು ಕರೆಯುತ್ತಿದ್ದ. ಅದು ಹೊಗಳಿಕೆಯಾಗಿರಲಿಲ್ಲ.

ಅವನನ್ನು ಎಲ್ಲರೂ ಎಣ್ಣೆಯಣ್ಣ ಎನ್ನುತ್ತಿದ್ದರು. ಮುದ್ರಣಾಲಯದ ಹೆಂಗಸರಲ್ಲಿ ಹೆಚ್ಚಿನವರಿಗೆ ಕಣ್ಣು ಕಾಣದು. ಅವನು ಬಾಗಿಲಿಗೆ ಬಂದರೆ ಮೊದಲು ತಲುಪುತ್ತಿದ್ದುದು ಯಂತ್ರದ ಎಣ್ಣೆಯ ವಾಸನೆ. ಹೊಸದಾಗಿ ಬಂದ ಗುಮಾಸ್ತನೊಬ್ಬ ಹೆಸರು ಕೇಳಿ, ಇವನು ಕುಡುಕನೆಂದು ತಿಳಿದು ಆರು ತಿಂಗಳು ದೂರವೇ ಇದ್ದ. ನನ್ನ ಗೆಳೆಯ ಅದನ್ನು ತಿದ್ದಲಿಲ್ಲ. "ದೂರ ಇದ್ದಾನಲ್ಲ, ಒಳ್ಳೇದೇ ಆಯ್ತು" ಎಂದ.

ಮೊದಲು ಅವನಿಗೊಂದು ಟೈಪ್‌ರೈಟರ್ ರಿಪೇರಿ ಅಂಗಡಿ ಇತ್ತು. ಟೈಪ್‌ರೈಟರ್‌ಗಳು ಗುಜರಿಗೆ ಹೋದ ಕಾಲಕ್ಕೆ ಅವನು ನಮ್ಮಲ್ಲಿಗೆ ಬಂದ. ಅಂಗಡಿಯಿಂದ ಒಂದು ನಿಯಮವನ್ನು ಹೊತ್ತು ತಂದಿದ್ದ: ಒಂದು ಸಲಕ್ಕೆ ಒಂದೇ ತಿರುಪು. ಒಂದನ್ನು ತಿರುಗಿಸು, ಏನಾಯಿತೆಂದು ನೋಡು, ಬರೆದಿಡು, ಆಮೇಲೆ ಇನ್ನೊಂದು. ಕಂಪ್ಯೂಟರ್ ಬಂದ ಮೇಲೂ ಅದೇ. ಹೀಗಾಗಿ ಆಫೀಸಿನವರ ಕಣ್ಣಿಗೆ ಅವನು ಸೋಮಾರಿ. ಅರ್ಧ ದಿನ ಯಂತ್ರದ ಮುಂದೆ ಕೈಕಟ್ಟಿ ಕೂತವನನ್ನು ಅವರು ಇನ್ನೇನೆಂದಾರು? ಅವನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿಗೆ ಸ್ವಲ್ಪವಾದರೂ ಮರ್ಯಾದೆ ಬೇಕು.

ಮದುವೆಯಾಗಲಿಲ್ಲ. ಅಕ್ಕನ ಜೊತೆ ಒಂದು ಲಾಂಡ್ರಿಯ ಹಿಂದೆ ಎರಡು ಕೋಣೆಯ ಮನೆಯಲ್ಲಿದ್ದ. ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಅಕ್ಕನ ಕಣ್ಣು ಹೋಗಿತ್ತು. ಆ ಮನೆಯಲ್ಲಿ ಕುರ್ಚಿ ಒಂದು ಗೇಣು ಸರಿದರೂ ಅವನು ಅತಿಥಿಯನ್ನು ಗದರಿಸುತ್ತಿದ್ದ. ಗೋಡೆಯ ಹಲಗೆಯ ಮೇಲೆ ಖಾಲಿ ಔಷಧಿ ಬಾಟಲಿಗಳಲ್ಲಿ ತಿರುಪು, ಸ್ಪ್ರಿಂಗು, ವಾಷರು. ಪ್ರತಿ ಬಾಟಲಿಯ ಮೇಲೂ ಅಕ್ಕ ಚುಕ್ಕಿಯಲ್ಲಿ ಬರೆದು ಅಂಟಿಸಿದ ಚೀಟಿ. ದೀಪ ಹೋದ ದಿನ ಬೇಕಾದ ತಿರುಪನ್ನು ಅವಳೇ ತೆಗೆದುಕೊಡುತ್ತಿದ್ದಳು.

ಅಕ್ಕ ನಮ್ಮ ಮುದ್ರಣಾಲಯದ ಮುಖ್ಯ ಆಪರೇಟರ್. ಚುಕ್ಕಿ ಒತ್ತುವ ಪ್ರಿಂಟರ್ ಲೊಟಲೊಟನೆ ಕುಟ್ಟುವುದರಿಂದ ಅದಕ್ಕೆ ನಮ್ಮಲ್ಲಿ ಕುಟ್ಟಾಣಿ ಎಂದು ಹೆಸರು. ಇಪ್ಪತ್ತೆರಡು ವರ್ಷ ಕುಟ್ಟಾಣಿಯ ಪಕ್ಕದ ಕುರ್ಚಿ ಅವಳದು. ಅಕ್ಷರವನ್ನು ಚುಕ್ಕಿಯಾಗಿ ಬದಲಿಸುವ ಒಂದು ಹಳೆಯ ಪ್ರೋಗ್ರಾಮ್ ಇತ್ತು. ಅದು ಎಡವುತ್ತಿದ್ದ ಶಬ್ದಗಳಿಗೆಲ್ಲ ಅವಳು ಒಂದೊಂದಾಗಿ ನಿಯಮ ಸೇರಿಸುತ್ತ ಬಂದಿದ್ದಳು. ಆ ಪ್ರೋಗ್ರಾಮ್ ಇಪ್ಪತ್ತು ವರ್ಷ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತಿತ್ತು.

ಹೋದ ವರ್ಷ ಆ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ನಿರ್ದೇಶಕರು ಒಬ್ಬ ಸಲಹೆಗಾರನನ್ನು ಕರೆಸಿದರು. ನುಣ್ಣಗೆ ಬಾಚಿದ ತಲೆ, ಸದಾ ಟೈ. ನಾವು ಅವನನ್ನು ಟೈ ಎಂದೇ ಕರೆದೆವು. ಅವನು ಹೊಸ ಕಂಪ್ಯೂಟರ್ ತಂದು ಅದರೊಳಗೆ ಒಂದು ವರ್ಚುವಲ್ ಮೆಷೀನ್ ಮಾಡಿದ. ಅಂದರೆ, ಹೊಸ ಯಂತ್ರದ ಹೊಟ್ಟೆಯಲ್ಲಿ ಹಳೆಯ ಯಂತ್ರವಿದೆಯೆಂದು ನಂಬಿಸುವ ಏರ್ಪಾಡು. ಹಳೆಯ ಸಿಸ್ಟಮ್ಮಿಗೆ ತಾನು ಇನ್ನೂ ಹಳೆಯ ಮನೆಯಲ್ಲೇ ಇದ್ದೇನೆಂಬ ಭ್ರಮೆ. ಅಕ್ಕನ ಪ್ರೋಗ್ರಾಮ್, ನಿಯಮಗಳು ಎಲ್ಲವೂ ಹಾಗೇ. ಇಷ್ಟನ್ನು ಅವನು ಸರಿಯಾಗಿಯೇ ಮಾಡಿದ್ದ. ಒಂದು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಅವನು ನಾಲ್ಕು ಭಾಷಣ ಮಾಡಿದ.

ಉದ್ಘಾಟನೆಗೆ ರಿಬ್ಬನ್ ಬಂತು, ಫೋಟೋದವನು ಬಂದ, ಕಂಪ್ಯೂಟರಿಗೊಂದು ದೊಡ್ಡ ಪರದೆ ಬಂತು. ಹೆಂಗಸರಿಗೆ ಹೊಸ ಸೀರೆ ಉಟ್ಟು ಬರಲು ಹೇಳಿದ್ದರು. ಮಾರನೆಯ ದಿನ ಆ ಪರದೆ ನಿರ್ದೇಶಕರ ಕೋಣೆಗೆ ಹೋಯಿತು. "ಇಲ್ಲಿ ಯಾರು ನೋಡ್ತಾರೆ?" ಎಂದು ಅವರು ನಗುತ್ತಲೇ ಹೇಳಿದರು, ಹನ್ನೊಂದು ಜನ ಕಣ್ಣು ಕಾಣದ ಹೆಂಗಸರ ಎದುರಿಗೆ. ಮಾತೇನೋ ಸುಳ್ಳಲ್ಲ. ಆಪರೇಟರುಗಳಿಗೆ ಗುಂಡಿ ಒತ್ತುವ ಕ್ರಮವೆಲ್ಲ ಬೆರಳಿಗೇ ಗೊತ್ತು. ಹಾಗಾಗಿ ಯಂತ್ರ ಪರದೆಯಿಲ್ಲದೆಯೇ ಓಡತೊಡಗಿತು.

ಓಡಲಿಲ್ಲ, ತೆವಳಿತು. ತೊಂಬತ್ತು ಪುಟದ ಸಂಪುಟಕ್ಕೆ ಮೊದಲು ನಲವತ್ತು ನಿಮಿಷ ಸಾಕಾಗುತ್ತಿತ್ತು. ಈಗ ಎರಡು ಗಂಟೆಯಾದರೂ ಮುಗಿಯುತ್ತಿರಲಿಲ್ಲ. ಅಕ್ಕ ದೂರು ಕೊಟ್ಟಳು. ಟೈ ಬಂದ, ತನ್ನ ಪರದೆ ಜೋಡಿಸಿದ, ಮೌಸ್ ಎಂಬ ಇಲಿಯನ್ನು ಅತ್ತಿತ್ತ ಆಡಿಸಿದ, ಪ್ರಿಂಟ್ ಕೊಟ್ಟ. ಕುಟ್ಟಾಣಿ ಎಳೆಯ ಕುದುರೆಯ ಹಾಗೆ ಓಡಿತು.

"ಏನೂ ಆಗಿಲ್ಲವಲ್ಲಮ್ಮ."

"ಶುರುವಿನಲ್ಲಿ ಚೆನ್ನಾಗೇ ಇರುತ್ತೆ ಸಾರ್. ಹತ್ತು ನಿಮಿಷ ಆದಮೇಲೆ ಯಾರೋ ಒಳಗೆ ಬಂದು ಕೂತ ಹಾಗೆ ಭಾರ ಆಗುತ್ತೆ. ಆಮೇಲೆ ನಾವು ಗುಂಡಿ ಒತ್ತಿದರೆ ಮೊದಲನೇದನ್ನ ನುಂಗುತ್ತೆ."

"ನುಂಗುತ್ತಾ?"

"ಹೌದು. ಎರಡನೇದರಿಂದ ತಗೊಳ್ಳುತ್ತೆ."

ಟೈ ನಿರ್ದೇಶಕರ ಮುಖ ನೋಡಿದ, ನಿರ್ದೇಶಕರು ಟೈಯ ಮುಖ ನೋಡಿದರು. ನೋಟದಲ್ಲಿ ಮಾತಾಡಿಕೊಂಡರೆ ಕಣ್ಣು ಕಾಣದವರಿಗೆ ತಿಳಿಯುವುದಿಲ್ಲ ಎಂಬುದು ಇಂಥವರ ದೊಡ್ಡ ನಂಬಿಕೆ. "ಇಬ್ಬರೂ ಒಟ್ಟಿಗೆ ಸುಮ್ಮನಾದರು, ಅಷ್ಟು ಸಾಕಲ್ಲ" ಎಂದಳು ಅಕ್ಕ ಆಮೇಲೆ.

ಅದೇ ಮಧ್ಯಾಹ್ನ ಟೈ ಒಂದು ಗಂಟೆಯಲ್ಲಿ ಏಳು ಸಂಗತಿ ಬದಲಾಯಿಸಿದ. ವರ್ಚುವಲ್ ಮೆಷೀನಿಗೆ ಮೆಮೊರಿ ಹೆಚ್ಚಿಸಿದ, ಇನ್ನೊಂದು ಪ್ರೊಸೆಸರ್ ಕೊಟ್ಟ, ಡಿಸ್ಕ್ ದೊಡ್ಡದು ಮಾಡಿದ, ಮತ್ತೇನೇನೋ. ಯಾವುದರಿಂದಲೂ ಏನೂ ಆಗಲಿಲ್ಲ. ಒಂದು ವಾರದ ನಂತರ ಅವನ ವರದಿ ಬಂತು. ಅದನ್ನು ಗಟ್ಟಿಯಾಗಿ ಓದುವ ಭಾಗ್ಯ ನನ್ನದೇ. "ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ನಿಧಾನಕ್ಕೆ ಆಪರೇಟರುಗಳ ವಯಸ್ಸು ಮತ್ತು ದೈಹಿಕ ಮಿತಿ ಕಾರಣವಿರಬಹುದು. ಮುದ್ರಣವನ್ನು ಹೊರಗಿನವರಿಗೆ ವಹಿಸಿ, ಹಾಲಿ ಸಿಬ್ಬಂದಿಯನ್ನು ಲಕೋಟೆ ವಿಭಾಗಕ್ಕೆ ಕಳುಹಿಸಬಹುದು." ಮೂರು ವಾರದಲ್ಲಿ ಆಡಳಿತ ಸಮಿತಿಯ ಸಭೆ; ಅಲ್ಲಿ ಒಪ್ಪಿಗೆಯಾದರೆ ಅಕ್ಕ ಕುಟ್ಟಾಣಿಯ ಕುರ್ಚಿ ಬಿಟ್ಟು ಲಕೋಟೆ ಅಂಟಿಸಬೇಕು.

ನಾನು ಓದಿ ಮುಗಿಸಿದೆ. ಅಕ್ಕ ಕೇಳಿದಳು, "ದೈಹಿಕ ಮಿತಿ ಅಂತಲೇ ಬರೆದಿದ್ದಾರಾ?"

"ಹೌದಕ್ಕ."

"ಇನ್ನೊಂದು ಸಲ ಓದು."

ಓದಿದೆ. ಇಲ್ಲಿ ನನ್ನದೊಂದು ಮಾತು ಸೇರಿಸಬೇಕು, ಬೇರೆಯವರನ್ನಷ್ಟೇ ಬೈದರೆ ನನ್ನ ಗೆಳೆಯ ಮೆಚ್ಚುತ್ತಿರಲಿಲ್ಲ. ನನಗೂ ಒಳಗೊಳಗೆ ಅನುಮಾನವಿತ್ತು. ಅಕ್ಕನಿಗೆ ಐವತ್ತೆಂಟು, ಕೈ ನಿಧಾನವಾಗಿರಬಹುದು ಎಂದುಕೊಂಡಿದ್ದೆ. ಸಂಜೆ ಬಸ್ ಸ್ಟಾಪಿನಲ್ಲಿ ಅದನ್ನು ಅವನಿಗೆ ಹೇಳಿಯೂಬಿಟ್ಟೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಪಂಡಿತ, ಕಾಗದ ಒತ್ತೋದು ಯಂತ್ರ. ಅದು ಒತ್ತೋವಾಗ ಅಕ್ಕ ಹಾಳೆ ಮಡಚ್ತಾ ಇರ್ತಾಳೆ. ಯಂತ್ರ ನಿಧಾನ ಆದರೆ ಅವಳ ವಯಸ್ಸು ಹೇಗೋ ಕಾರಣ ಆಗುತ್ತೆ? ಇಷ್ಟೆಲ್ಲ ಪುಸ್ತಕ ಓದಿದೀಯ, ಒಂದಾದರೂ ಒಳಗೆ ಹೋಗಿದೆಯಾ?"

ಅಂದಿನಿಂದ ಅವನ ತಿರುಪು ತಿರುಗಿಸುವ ಕೆಲಸ ಶುರುವಾಯಿತು. ಬೇಕಾದಾಗಷ್ಟೇ ಗುಮಾಸ್ತನ ಪರದೆಯನ್ನು ಎರವಲು ತರುತ್ತಿದ್ದ. ಮೊದಲು ಟೈ ಮಾಡಿದ ಏಳು ಬದಲಾವಣೆಗಳನ್ನೂ ಹಿಂದಕ್ಕೆ ತಂದ. ಆಮೇಲೆ ದಿನಕ್ಕೊಂದು. ಕೇಬಲ್ ಬದಲಾಯಿಸಿದ, ಅದಲ್ಲ. ಹೊಸ ಕಂಪ್ಯೂಟರಿನ ವೈರಸ್ ತಡೆಯುವ ಪ್ರೋಗ್ರಾಮ್ ಹಳೆಯ ಸಿಸ್ಟಮ್ಮಿನ ಫೈಲನ್ನು ಮತ್ತೆ ಮತ್ತೆ ಜಾಲಾಡುತ್ತಿದೆಯೇ ಎಂದು ನೋಡಿದ, ಅದೂ ಅಲ್ಲ. ಡಿಸ್ಕಿನಲ್ಲಿ ಜಾಗವಿತ್ತು. ಕುಟ್ಟಾಣಿಯ ಸುತ್ತಿಗೆಗಳಿಗೆ ಎಣ್ಣೆ ಬಿಟ್ಟ, ಅಗತ್ಯವಿರಲಿಲ್ಲ, ಅಭ್ಯಾಸ. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು "ಅಲ್ಲ" ಎಂದು ಬರೆಯುತ್ತ ಹೋದ. ಎರಡು ವಾರ ಕಳೆಯಿತು. ಹೆಂಗಸರು ಲಕೋಟೆ ವಿಭಾಗದ ಕುರ್ಚಿಗಳು ಎಷ್ಟು ಎತ್ತರ ಎಂದು ಮಾತಾಡಿಕೊಳ್ಳತೊಡಗಿದ್ದರು. ಅಕ್ಕ ಮಾತ್ರ ಆ ಮಾತಿಗೆ ಸೇರಲಿಲ್ಲ.

ಒಂದು ಬೆಳಿಗ್ಗೆ ನಾನು ಕರಡಿನ ಕಟ್ಟು ಹೊತ್ತು ಯಂತ್ರದ ಕೋಣೆಗೆ ಹೋದೆ. ಕುಟ್ಟಾಣಿ ಮುದುಕನ ಕೆಮ್ಮಿನಂತೆ ತಡೆದು ತಡೆದು ಕುಟ್ಟುತ್ತಿತ್ತು. ಅವನು ಗೋಡೆಗೊರಗಿ ಕೈಕಟ್ಟಿ ಕೂತಿದ್ದ. ನಾನು ಎಂದಿನಂತೆ ಕಟ್ಟನ್ನು ಕಂಪ್ಯೂಟರಿನ ಮೇಜಿನ ಮೇಲೆ ಧೊಪ್ಪನೆ ಹಾಕಿದೆ. ಕುಟ್ಟಾಣಿ ತಟ್ಟನೆ ಚುರುಕಾಯಿತು.

ಅಕ್ಕ ನಕ್ಕಳು. "ನೋಡು ತಮ್ಮಾ, ಇವನು ಬಂದರೆ ಸರಿಹೋಗುತ್ತೆ. ನಾನು ಆವಾಗಲೇ ಅಂದುಕೊಂಡೆ. ಕಾಲ್ಗುಣ."

ಅವನು ನಗಲಿಲ್ಲ. "ಯಾವಾಗಲೂ ಸರಿಹೋಗುತ್ತಾ ಅಕ್ಕ?"

"ಕಟ್ಟು ತಂದಾಗ. ಬರೀ ಕೈಯಲ್ಲಿ ಹರಟೆಗೆ ಬಂದರೆ ಇಲ್ಲ."

ಅವನು ಎದ್ದು ಬಂದು ನನ್ನ ಕಟ್ಟನ್ನು ನೋಡಿದ. ಅದರ ಮೂಲೆ ಇಲಿಗೆ ತಗುಲಿ, ಇಲಿ ಅರ್ಧ ಅಡಿ ಸರಿದಿತ್ತು. ಅಷ್ಟನ್ನೇ ಅವನು ಬಹಳ ಹೊತ್ತು ನೋಡಿದ. ಆಮೇಲೆ, "ಪಂಡಿತ, ಹತ್ತು ನಿಮಿಷ ಏನನ್ನೂ ಮುಟ್ಟದೆ ನಿಂತ್ಕೋ. ಉಸಿರಾಡಬಹುದು" ಎಂದ.

ನಿಂತೆವು. ಹತ್ತು ನಿಮಿಷಕ್ಕೆ ಕುಟ್ಟಾಣಿ ಮತ್ತೆ ಕೆಮ್ಮತೊಡಗಿತು. ಅವನು ಒಂದು ಬೆರಳಿನಿಂದ ಇಲಿಯನ್ನು ನೂಕಿದ. ಓಡಿತು. "ಮೊದಲನೇ ಗುಂಡಿ ನುಂಗುತ್ತೆ ಅಂದೆಯಲ್ಲಕ್ಕ, ಅದು ನುಂಗೋದಲ್ಲ. ನಿದ್ದೆಯಿಂದ ಏಳೋದು" ಎಂದ. ಆಮೇಲೆ ಹೊರಗೆ ಹೋಗಿ, ಯಾರನ್ನೂ ಕೇಳದೆ, ನಿರ್ದೇಶಕರು ತಿಂಡಿಗೆ ಹೋಗಿದ್ದಾಗ ಅವರ ಕೋಣೆಯಿಂದ ಆ ದೊಡ್ಡ ಪರದೆಯನ್ನು ಹೊತ್ತು ತಂದ. ಜೋಡಿಸಿದ. ಮತ್ತೆ ಹತ್ತು ನಿಮಿಷ.

ಕಪ್ಪು ಪರದೆಯ ಮೇಲೆ ಚಿನ್ನದ ಬಣ್ಣದ ದಪ್ಪ ಅಕ್ಷರಗಳು ಎದ್ದವು. ನಿರ್ದೇಶಕರ ಹೆಸರು, ಪದವಿಗಳ ಸಮೇತ. ನೆರಳು, ಹೊಳಪು, ಎಲ್ಲ ಇತ್ತು. ಅದು ತನ್ನ ಸುತ್ತ ತಾನೇ ನಿಧಾನವಾಗಿ ತಿರುಗುತ್ತ ಬಂದು, ಮೂಲೆಗೆ ಬಡಿದು, ಇನ್ನೊಂದು ಮೂಲೆಗೆ ಹೊರಟಿತು.

ಉದ್ಘಾಟನೆಯ ದಿನ ಅತಿಥಿಗಳು ನೋಡಲೆಂದು ನಿರ್ದೇಶಕರು ಹೇಳಿ ಒಳಗಿನ ಹಳೆಯ ಸಿಸ್ಟಮ್ಮಿಗೆ ಹಾಕಿಸಿದ ಸ್ಕ್ರೀನ್‌ಸೇವರ್ ಅದು. ಹತ್ತು ನಿಮಿಷ ಯಾರೂ ಏನೂ ಮುಟ್ಟದಿದ್ದರೆ ತಾನೇ ಏಳುವಂಥದ್ದು. ಆಮೇಲೆ ಅದನ್ನು ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಹಳೆಯ ಕಂಪ್ಯೂಟರಾಗಿದ್ದರೆ ಇಂಥ ಚಿತ್ರ ಬಿಡಿಸಲು ಬೇರೆ ಕಾರ್ಡ್ ಇರುತ್ತಿತ್ತು. ವರ್ಚುವಲ್ ಮೆಷೀನಿನಲ್ಲಿ ಅದಿಲ್ಲ. ಪ್ರತಿ ಅಕ್ಷರದ ಪ್ರತಿ ಹೊಳಪನ್ನೂ ಪ್ರೊಸೆಸರೇ ಕೂತು ಬಿಡಿಸಬೇಕು. ಬಿಡಿಸಿ ಉಳಿದ ಶಕ್ತಿಯಲ್ಲಿ ಮಕ್ಕಳ ವಿಜ್ಞಾನ ಪುಸ್ತಕಕ್ಕೆ ಚುಕ್ಕಿ ಕಳಿಸಬೇಕು. ಪರಿಣತರು ಬಂದೊಡನೆ ಇಲಿ ಮುಟ್ಟುತ್ತಿದ್ದರು, ಹೆಸರು ಓಡಿಹೋಗುತ್ತಿತ್ತು. ಕಾಣುವವರು ಇದ್ದಾಗ ಅದು ಇರುತ್ತಿರಲಿಲ್ಲ. ಅದು ಇದ್ದಾಗ ಕಾಣುವವರು ಇರುತ್ತಿರಲಿಲ್ಲ. ನಾಲ್ಕು ತಿಂಗಳು, ಪರದೆಯೇ ಇಲ್ಲದ ಕೋಣೆಯಲ್ಲಿ, ಕಣ್ಣು ಕಾಣದವರ ನಡುವೆ, ಆ ಮನುಷ್ಯನ ಹೆಸರು ಚಿನ್ನದ ಬಣ್ಣದಲ್ಲಿ ತಿರುಗಿತ್ತು.

ನಾನು ಅದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು, "ಯಾರೋ ಬಂದು ಕೂತ ಹಾಗೆ ಆಗುತ್ತೆ ಅಂದಿದ್ದೆನಲ್ಲ. ಯಾರು ಅಂತ ಗೊತ್ತಿರಲಿಲ್ಲ" ಎಂದಳು.

ಅದನ್ನು ನಿಲ್ಲಿಸುವುದು ಅರ್ಧ ನಿಮಿಷದ ಕೆಲಸ. ನಾನು ಮುಗಿಸಿಬಿಡು ಎಂದೆ.

"ಈಗ ಮುಗಿಸಿದರೆ?" ಎಂದ ಅವನು. "ತಾನು ಹಾಕಿದ ಮೆಮೊರಿ ಈಗ ಕೆಲಸ ಮಾಡ್ತು ಅಂತಾನೆ ಟೈ, ನಾನು ಅದನ್ನ ತೆಗೆದದ್ದು ಅವನಿಗೆ ಗೊತ್ತಿಲ್ಲ. ವರದಿ ಹಾಗೇ ಉಳಿಯುತ್ತೆ. ದೈಹಿಕ ಮಿತಿ ಅನ್ನೋದೂ ಉಳಿಯುತ್ತೆ. ಇರಲಿ, ಸಮಿತಿ ಬರಲಿ. ನಾನು ಪರದೆ ವಾಪಸ್ ಇಟ್ಟು ಬರ್ತೀನಿ."

ಸಭೆಯ ದಿನ ಸಮಿತಿಯ ಮೂವರು ಬಂದರು. ಹಿರಿಯರು ಒಬ್ಬ ನಿವೃತ್ತ ವೈದ್ಯೆ; ಉಳಿದಿಬ್ಬರು ಆಕೆ ತಲೆಯಾಡಿಸಿದಾಗ ತಲೆಯಾಡಿಸುವವರು. ಟೈ ವರದಿ ಓದಿದ. ಆಗ ಅಕ್ಕ ಎದ್ದು, ಯಂತ್ರವನ್ನು ಒಂದು ಸಲ ಬಂದು ನೋಡಿ ಎಂದಳು. ವೈದ್ಯೆ ಎದ್ದರು, ಹಾಗಾಗಿ ಎಲ್ಲರೂ ಏಳಬೇಕಾಯಿತು. ನಿರ್ದೇಶಕರ ಪರದೆಯನ್ನು ಈ ಸಲ ಹೇಳಿಯೇ ತಂದೆವು.

"ಏನಿಲ್ಲ ಮೇಡಂ, ಸುಮ್ಮನೆ ಕೂರಬೇಕು" ಎಂದ ನನ್ನ ಗೆಳೆಯ. "ಯಾರೂ ಏನೂ ಮುಟ್ಟಬಾರದು. ಹತ್ತು ನಿಮಿಷ."

"ಕೂರೋದೂ ಒಂದು ಕೆಲಸವೇನ್ರೀ?" ಎಂದರು ನಿರ್ದೇಶಕರು.

"ನನ್ನ ಸಂಬಳ ಅದಕ್ಕೇ ಅಂತ ನೀವೇ ಹೇಳಿದ್ದಿರಿ ಸಾರ್."

ಅಕ್ಕ ಪ್ರಿಂಟ್ ಕೊಟ್ಟಳು. ಕುಟ್ಟಾಣಿ ಓಡಿತು. ನಿರ್ದೇಶಕರು ಎರಡನೇ ನಿಮಿಷಕ್ಕೆ ಫೋನ್ ತೆಗೆದರು, ನಾಲ್ಕನೇ ನಿಮಿಷಕ್ಕೆ ಕಿಟಕಿಯ ಹೊರಗೆ ಯಾರನ್ನೋ ಗದರಿಸಿದರು. ಆರನೇ ನಿಮಿಷಕ್ಕೆ ಟೈ ತಡೆಯಲಾರದೆ ಇಲಿಯ ಕಡೆ ಬಾಗಿದ. ಅವನ ಕುರ್ಚಿ ಕಿರುಗುಟ್ಟಿತು.

"ಮುಟ್ಟಬೇಡಿ ಸಾರ್" ಎಂದಳು ಅಕ್ಕ, ಹಾಳೆ ಮಡಚುತ್ತಲೇ. ಟೈ ಕೈ ಹಿಂದಕ್ಕೆಳೆದುಕೊಂಡ. ಕಣ್ಣು ಕಾಣದವಳಿಗೆ ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆಂದು ಅಂದು ನೋಡಿದೆ. ಚೆನ್ನಾಗಿರುತ್ತದೆ.

ಹತ್ತನೇ ನಿಮಿಷಕ್ಕೆ ಪರದೆ ಕಪ್ಪಾಯಿತು. ನಿರ್ದೇಶಕರ ಹೆಸರು ಎದ್ದು, ಹೊಳೆದು, ತಿರುಗಿತು. ಕುಟ್ಟಾಣಿ ಒಂದು ಸಾಲು ಕುಟ್ಟಿ ನಿಂತಿತು. ಯೋಚಿಸಿತು. ಇನ್ನೊಂದು ಸಾಲು ಕುಟ್ಟಿತು. ಹೆಸರು ಮೂಲೆಗೆ ಹೋಗಿ ಬಡಿದು ವಾಪಸಾಯಿತು.

ವೈದ್ಯೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಯಾರ ದೈಹಿಕ ಮಿತಿ?" ಎಂದು ಕೇಳಿದರು.

ನಿರ್ದೇಶಕರು ಅದು ಹುಡುಗರು ಹಾಕಿದ್ದೆಂದರು. ಯಾವ ಹುಡುಗರೆಂದು ಯಾರೂ ಕೇಳಲಿಲ್ಲ. ನನ್ನ ಗೆಳೆಯ ಇಲಿ ಸರಿಸಿ, ಸ್ಕ್ರೀನ್‌ಸೇವರ್ ತೆಗೆದುಹಾಕಿದ. ಕುಟ್ಟಾಣಿ ಉಳಿದ ಪುಟಗಳನ್ನು ಒಂದೇ ಉಸಿರಿನಲ್ಲಿ ಮುಗಿಸಿತು. ಅಕ್ಕ ತನ್ನ ಕುರ್ಚಿಯಲ್ಲೇ ಉಳಿದಳು. ಆದರೆ ನಡಾವಳಿಯಲ್ಲಿ ಬರೆದದ್ದು ಹೀಗೆ: "ತಾಂತ್ರಿಕ ಕಾರಣಗಳಿಂದ ಉಂಟಾಗಿದ್ದ ನಿಧಾನವನ್ನು ನಿರ್ದೇಶಕರ ಮಾರ್ಗದರ್ಶನದಲ್ಲಿ ಸರಿಪಡಿಸಲಾಯಿತು." ಟೈಯ ವರದಿಯನ್ನು ಹಿಂತೆಗೆದುಕೊಂಡರೆಂದು ಎಲ್ಲೂ ಇಲ್ಲ. ಅದು ಈಗಲೂ ಫೈಲಿನಲ್ಲಿದೆ, ವಯಸ್ಸು ಮತ್ತು ದೈಹಿಕ ಮಿತಿಯ ಸಮೇತ. ಅಕ್ಕ ಎರಡು ಸಲ ಕೇಳಿದಳು, ಆ ವಾಕ್ಯ ಹೊಡೆದುಹಾಕಿ ಎಂದು. ಫೈಲಿನಿಂದ ಕಾಗದ ತೆಗೆಯುವ ಪದ್ಧತಿ ಇಲ್ಲ, ಬೇಕಾದರೆ ಹೊಸ ಕಾಗದ ಸೇರಿಸಬಹುದು ಎಂದರು ಆಫೀಸಿನವರು.

ನಾಲ್ಕು ತಿಂಗಳ ನಂತರ ಒಂದು ಸಂಜೆ ಅವನು ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಹೃದಯ ನಿಂತಿತ್ತು. ಎರಡು ಬಸ್ಸು ಬಂದು ಹೋದವಂತೆ. ಅವನು ಹಾಗೆ ಸುಮ್ಮನೆ ಕೂರುವುದು ಆ ಬೀದಿಯವರಿಗೆಲ್ಲ ಅಭ್ಯಾಸವಾಗಿದ್ದರಿಂದ ಯಾರೂ ಹತ್ತಿರ ಹೋಗಲಿಲ್ಲ. ನಾನು ಅಂದು ಕರಡು ಮುಗಿಯದೆ ಒಳಗೇ ಉಳಿದಿದ್ದೆ. ಒಂದು ಪುಟ ಬೇಗ ಓದಿದ್ದರೆ ಅವನ ಪಕ್ಕದಲ್ಲಿರುತ್ತಿದ್ದೆ. ಇದನ್ನು ಯಾರಿಗಾದರೂ ಹೇಳಿದರೆ ಸಮಾಧಾನ ಮಾಡುತ್ತಾರೆ, ಅದಕ್ಕೇ ಹೇಳುವುದಿಲ್ಲ.

ಸಂತಾಪ ಸಭೆ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಎರಡು ನಿಮಿಷದ ಮೌನವನ್ನು ನಿರ್ದೇಶಕರು ಮುಕ್ಕಾಲು ನಿಮಿಷಕ್ಕೆ ಮುಗಿಸಿದರು. ನಮ್ಮಲ್ಲಿ ಸಿಬ್ಬಂದಿಗೆ ಸಂಬಂಧಿಸಿದ ಪ್ರತಿ ನಿರ್ಣಯವನ್ನೂ ಚುಕ್ಕಿಯಲ್ಲಿಯೂ ಒತ್ತಿ, ನಿರ್ದೇಶಕರ ಸಹಿ ಹಾಕಿಸಿ, ಫೈಲಿನಲ್ಲಿ ಇಡಬೇಕೆಂಬ ನಿಯಮವಿದೆ. ಎಲೆಕ್ಟ್ರಿಷಿಯನ್ ಎಂದಿದ್ದ ಆ ಕಾಗದವನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಅವಳು ಟೈಪ್ ಮಾಡಿದಳು. ಕುಟ್ಟಾಣಿ ಎಲ್ಲೂ ತಡೆಯದೆ ಒಂದು ಹಾಳೆ ಕುಟ್ಟಿತು. ಗುಮಾಸ್ತ ಅದನ್ನು ಒಯ್ದ. ನಿರ್ದೇಶಕರು ಬೆರಳು ಕೂಡ ಸೋಕಿಸದೆ ಕೆಳಗೆ ಸಹಿ ಹಾಕಿದರು. ಇಪ್ಪತ್ತು ವರ್ಷದಿಂದ ಬ್ರೈಲ್ ಮುದ್ರಣಾಲಯ ನಡೆಸುತ್ತಿದ್ದಾರೆ, ಒಂದು ಅಕ್ಷರ ಓದಲು ಬರುವುದಿಲ್ಲ.

ಮಾರನೆಯ ದಿನ ನಾನು ಫೈಲು ತೆರೆದು ನೋಡಿದೆ. ನನಗೆ ಚುಕ್ಕಿಯನ್ನು ಬೆರಳಿನಿಂದ ಓದಲು ಬರುವುದಿಲ್ಲ, ಕಣ್ಣಿನಿಂದ ಒಂದೊಂದೇ ಅಕ್ಷರ ಕೂಡಿಸಿ ಓದುತ್ತೇನೆ. ಟೈಯ ವರದಿಯ ಮೇಲೆಯೇ ಆ ಹಾಳೆಯನ್ನು ಸೇರಿಸಿದ್ದರು. ಅಕ್ಕ ಒತ್ತಿದ್ದು ಇಷ್ಟು:

"ನನ್ನ ತಮ್ಮ ಮೆಕ್ಯಾನಿಕ್. ಈ ಮುದ್ರಣಾಲಯದ ಆಪರೇಟರುಗಳು ನಿಧಾನ ಎಂದು ಬರೆದದ್ದು ಸುಳ್ಳು. ನಿರ್ದೇಶಕರ ಹೆಸರು ತಿರುಗುತ್ತಿದ್ದುದರಿಂದ ಯಂತ್ರ ನಿಂತು ನಿಂತು ಓಡುತ್ತಿತ್ತು. ಅವನು ಅದನ್ನು ನಿಲ್ಲಿಸಿದ. ಇದು ಸರಿ ಎಂದು ಒಪ್ಪಿ ನಿರ್ದೇಶಕರು ಕೆಳಗೆ ಸಹಿ ಹಾಕಿದ್ದಾರೆ."

ಕೆಳಗೆ, ನೀಲಿ ಶಾಯಿಯಲ್ಲಿ, ಪದವಿಗಳ ಸಮೇತ ಅದೇ ಹೆಸರು.